ತಾಮ್ರ ತಾಗದ ದೋಣಿ

ನಮ್ಮ ಅಡುಗೆಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಎಂಥ ಸ್ಥಾನಮಾನವಿತ್ತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ನನ್ನ ಗೋಳು ನಿಮಗೆ ಅರ್ಥವಾಗುವುದಿಲ್ಲ. ಹುಳಿಗೆ ಕಲಾಯಿ ಹಾಕಿಸಿದ ಹಿತ್ತಾಳೆ, ಸಾರಿಗೆ ಈಯದ ಪಾತ್ರೆ, ಕುಡಿಯುವ ನೀರಿಗೆ ತಾಮ್ರದ ಬಿಂದಿಗೆ, ದೇವರಿಗೆ ಬೆಳ್ಳಿ. ಅಲ್ಯೂಮಿನಿಯಮ್ಮಿಗೆ ಒಲೆಯ ಹತ್ತಿರ ಸುಳಿಯುವ ಅಪ್ಪಣೆಯೇ ಇರಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ನೆನೆಹಾಕುವ ಒಂದು ನೆಗ್ಗಿದ ಡಬರಿಯಾಗಿ ಅದು ಹೇಗೋ ಜೀವ ಹಿಡಿದುಕೊಂಡಿತ್ತು. ಹುಣಸೆಹಣ್ಣಿನ ರಸಕ್ಕೇ ಕರಗುವ ಲೋಹವನ್ನು ಲೋಹವೆಂದು ಕರೆಯಬೇಕೇ ಎಂಬುದು ನಮ್ಮತ್ತೆಯವರ ಪ್ರಶ್ನೆ. ಅದು ಪಂಚಲೋಹದಲ್ಲೂ ಇಲ್ಲ, ಪಂಚಾಂಗದಲ್ಲೂ ಇಲ್ಲ ಎಂದು ಅವರು ತೀರ್ಪು ಕೊಟ್ಟು ದಶಕಗಳೇ ಆಗಿದ್ದವು.

ಅಂಥ ಮನೆಯ ಒಬ್ಬನೇ ಮಗ, ಅಂದರೆ ನನ್ನ ಗಂಡ ಶೇಷಗಿರಿ, ಅದೇ ಲೋಹದಲ್ಲಿ ಹಾಯಿದೋಣಿ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುತ್ತೇನೆಂದು ಹೊರಟರು.

ಅವರು ವಿಮಾನ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗ ತಗಡು ಬಗ್ಗಿಸಿದವರು. ತೊಂಬತ್ತರ ದಶಕದ ಕೊನೆಯಲ್ಲಿ ಸ್ವಯಂನಿವೃತ್ತಿ ಪಡೆದಾಗ ಜಯನಗರದ ನಮ್ಮ ಬೀದಿಯ ಇತರ ನಿವೃತ್ತರಂತೆ ಇವರೂ ಬೆಳಗಿನ ವಾಕಿಂಗು, ಸಂಜೆಯ ಪ್ರವಚನ ಹಿಡಿಯುತ್ತಾರೆಂದು ನಾನು ನಂಬಿದ್ದೆ. ಆದರೆ ಇವರಿಗೆ ಭಾನುವಾರಗಳಂದು ಊರಿನ ಕೆರೆಯೊಂದರಲ್ಲಿ ಹಾಯಿದೋಣಿ ನಡೆಸಲು ಕಲಿತ ಹುಚ್ಚೊಂದಿತ್ತು. ಜೊತೆಗೆ ಅದೇ ಕಾರ್ಖಾನೆಯಲ್ಲಿ ವೆಲ್ಡಿಂಗ್ ವಿಭಾಗದಲ್ಲಿದ್ದ, ಅಷ್ಟೇ ಹುಚ್ಚಿನ ಡೇವಿಡ್ ಎಂಬ ಸ್ನೇಹಿತರಿದ್ದರು. ತಮಗೆ ಬೇಕಾದ ಹಾಗೆ ಒಂದು ದೋಣಿ ಕಟ್ಟುವುದು, ಕಾರವಾರದಿಂದ ಹೊರಟು ಕರಾವಳಿಯುದ್ದಕ್ಕೂ ಹಾಯಿ ಬಿಚ್ಚಿಕೊಂಡು ಹೋಗುವುದು, ಇದು ಇಬ್ಬರ ಯೋಜನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಕೂತು ಸಮುದ್ರದ ಲೆಕ್ಕ ಹಾಕುವ ಗಂಡನನ್ನು ಕಟ್ಟಿಕೊಂಡ ಹೆಂಗಸಿನ ಪಾಡನ್ನು ನೀವೇ ಊಹಿಸಿಕೊಳ್ಳಿ.

ನನಗೆ ಭಯವಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ನಾನು ಸಾಗರ, ಶರಧಿ, ಅಂಬುಧಿ, ಜಲಧಿ ಎಂದು ಮಕ್ಕಳಿಗೆ ಸಮಾನಾರ್ಥಕ ಬರೆಸುತ್ತಿದ್ದೆನೇ ಹೊರತು ಆ ನೀರಿಗೆ ಪಾದಕ್ಕಿಂತ ಹೆಚ್ಚು ಒಪ್ಪಿಸಿದವಳಲ್ಲ. ಬೇಡವೆನ್ನುವ ಧೈರ್ಯವೂ ಇರಲಿಲ್ಲ, ಏಕೆಂದರೆ ಅಷ್ಟೊಂದು ಉತ್ಸಾಹದಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ. ಹಾಗಾಗಿ ನನ್ನ ಭಯವನ್ನೆಲ್ಲ ಒಂದೇ ಪ್ರಶ್ನೆಯೊಳಗೆ ತುಂಬಿದೆ: ದೋಣಿಯನ್ನು ಏತರಿಂದ ಕಟ್ಟುತ್ತೀರಿ? ನೀರಿಗೂ ನಿಮಗೂ ನಡುವೆ ಇರುವುದು ಏನು?

ಆ ವರ್ಷ ನಮ್ಮ ಊಟದ ಮೇಜಿನ ಮೇಲೆ ನಡೆದದ್ದು ಹೆಚ್ಚುಕಡಿಮೆ ವರಾನ್ವೇಷಣೆಯೇ. ಸಾಗುವಾನಿ ಒಳ್ಳೆಯ ಮನೆತನದ್ದು, ನೋಡಲು ಲಕ್ಷಣ, ಆದರೆ ಸಮುದ್ರದ ಹುಳು ಒಳಗಿಂದ ಕೊರೆದರೂ ಹೊರಗೆ ನಗುತ್ತಲೇ ಇರುತ್ತದಂತೆ. ಉಕ್ಕು ಗಟ್ಟಿ ಆಳು, ಆದರೆ ತುಕ್ಕಿನ ಕಾಯಿಲೆ ಹುಟ್ಟಿನಿಂದಲೇ ಅಂಟಿಕೊಂಡದ್ದು. ಫೈಬರ್ ಅಗ್ಗ, ಹಗುರ, ಆದರೆ ಕಟ್ಟುವಾಗ ಆದ ತಪ್ಪು ಪದರದೊಳಗೆ ಅಡಗಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಅಲ್ಯೂಮಿನಿಯಂ. ಅದರ ವಿಷಯ ಬಂದಾಗ ನಮ್ಮವರ ದನಿಯೇ ಬೇರೆಯಾಗುತ್ತಿತ್ತು. ಗಾಳಿ ತಾಗಿದೊಡನೆ ಅದು ತನಗೆ ತಾನೇ ಕಾಣದಷ್ಟು ತೆಳ್ಳನೆಯ ಪೊರೆ ಹೊದ್ದುಕೊಳ್ಳುತ್ತದೆ. ಗೀರಿದರೆ ಇನ್ನೊಂದು ಹೊದೆಯುತ್ತದೆ. ಬಂಡೆಗೆ ಬಡಿದರೆ ತಗ್ಗು ಬೀಳುತ್ತದೆಯೇ ಹೊರತು ಸುಲಭಕ್ಕೆ ಸೀಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಎಲ್ಲಿ ಬಗ್ಗುತ್ತದೆ, ಎಲ್ಲಿ ಮುನಿಯುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಗೊತ್ತಿಲ್ಲದ ಒಳ್ಳೆಯದಕ್ಕಿಂತ ಗೊತ್ತಿರುವ ದುರ್ಬಲವನ್ನೇ ನಂಬುತ್ತೇನೆ ಎಂದರು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಈ ಮಾತನ್ನು ನಾನು ತಳ್ಳಿಹಾಕುವಂತಿರಲಿಲ್ಲ.

ಆದರೆ ಅದಕ್ಕೊಂದು ದೊಡ್ಡ ಶತ್ರುವಿತ್ತು. ಅದನ್ನು ನನಗೆ ತೋರಿಸಲೆಂದು ನಮ್ಮವರು ಅಡುಗೆಮನೆಯ ಕಿಟಕಿಯಲ್ಲಿ ಉಪ್ಪುನೀರು ತುಂಬಿದ ಎರಡು ಗಾಜಿನ ಸೀಸೆ ಇಟ್ಟರು. ಒಂದರಲ್ಲಿ ಬರಿಯ ಅಲ್ಯೂಮಿನಿಯಂ ಚೂರು. ಇನ್ನೊಂದರಲ್ಲಿ ಅಂಥದೇ ಚೂರಿಗೆ ಸುತ್ತಿದ ತಾಮ್ರದ ತಂತಿ. ಮೊದಲನೆಯದು ಹೊಳೆಯುತ್ತಲೇ ಇತ್ತು. ಎರಡನೆಯದರಲ್ಲಿ ಕೆಲವೇ ವಾರಗಳಲ್ಲಿ ತಾಮ್ರದ ಮಗ್ಗುಲಲ್ಲಿ ಬಿಳಿಯ ಬೂಷ್ಟು ಎದ್ದು ಅಲ್ಯೂಮಿನಿಯಂ ಗುಳಿಬಿದ್ದಿತು. ತಾಮ್ರಕ್ಕೆ ಏನೂ ಆಗಿರಲಿಲ್ಲ. ಲೋಹಗಳಲ್ಲಿ ತಾಮ್ರ ಕುಲೀನವಂತೆ, ಉಪ್ಪುನೀರಿನಲ್ಲಿ ಕೂಡಿಕೊಂಡರೆ ಸವೆಯುವುದು ಯಾವಾಗಲೂ ಕುಲ ಕಡಿಮೆಯದ್ದೇ ಅಂತೆ. ಬೇರೆಬೇರೆ ಇದ್ದರೆ ಎರಡೂ ಒಳ್ಳೆಯವೇ. ಅಂದಿನಿಂದ ದೋಣಿಯ ಬಳಿ ಕೆಲಸ ಮಾಡುವವರು ಜೇಬಿನಲ್ಲಿ ತಂತಿಯ ತುಂಡೊಂದನ್ನೂ ಇಟ್ಟುಕೊಳ್ಳಬಾರದೆಂಬ ಕಟ್ಟಪ್ಪಣೆಯಾಯಿತು.

ದೋಣಿ ಕಟ್ಟಿದ್ದು ಜರಗನಹಳ್ಳಿಯಲ್ಲಿ, ಹಳೆಯ ಜಮೀನುದಾರರಾದ ಮುನಿಯಪ್ಪನವರ ರಾಗಿ ಗೋದಾಮಿನಲ್ಲಿ. ಕನಕಪುರ ರಸ್ತೆಯ ಬಸ್ಸಿನಿಂದ ಇಳಿದ ಜನ ನಿಂತು ನೋಡಿ ಹೋಗುತ್ತಿದ್ದರು. ಮುನಿಯಪ್ಪನವರು ದಿನಾ ಬಂದು ದೋಣಿಯ ಮಗ್ಗುಲು ತಟ್ಟಿ, “ಸಾರ್, ನಮ್ ಕಡೆ ಕೆರೆಯೆಲ್ಲ ಮುಚ್ಚಿ ಸೈಟ್ ಮಾಡಿ ಆಯ್ತು, ಈಗ ದೋಣಿ ತಂದಿದೀರಲ್ಲ” ಎಂದು ಕೊರಗುತ್ತಿದ್ದರು. ನಾನು ಶಾಲೆ ಮುಗಿಸಿ ಬುತ್ತಿ ತಲುಪಿಸಲು ಹೋದಾಗಲೆಲ್ಲ ವೆಲ್ಡಿಂಗಿನ ಗೆರೆಯ ಮೇಲೆ ಬೆರಳಾಡಿಸುತ್ತಿದ್ದೆ. ನನ್ನ ಸಂಸಾರವೆಲ್ಲ ಆ ಗೆರೆಯ ಮೇಲೆ ನಿಂತಿದೆ ಅನ್ನಿಸುತ್ತಿತ್ತು.

ದೋಣಿಯನ್ನು ಲಾರಿಗೆ ಏರಿಸುವ ದಿನ ಪೂಜೆಯಾಯಿತು. ಕಲಶಕ್ಕೆ ತಾಮ್ರದ ಚೊಂಬು ಬೇಡ, ಸ್ಟೀಲಿನದು ಇಡಿ ಎಂದು ನಮ್ಮವರು ಹಟ ಹಿಡಿದರು. ಯಾಕೆಂದು ಡೇವಿಡ್ಡರಿಗೆ ಗೊತ್ತು, ನನಗೆ ಗೊತ್ತು, ಮುನಿಯಪ್ಪನವರಿಗೂ ಗೊತ್ತು. ತಾಯಿಗೆ ಮಾತ್ರ ಅವರು “ಬೇಡ ಅಂದ್ರೆ ಬೇಡಮ್ಮ” ಎಂದಷ್ಟೇ ಅಂದರು. ಎಂಬತ್ತರ ಹತ್ತಿರದ ನಮ್ಮತ್ತೆ ಸ್ಟೀಲಿನ ಚೊಂಬಿಗೆ ಗಂಗೆ ಬರುತ್ತಾಳೆಯೇ ಎಂದು ಗೊಣಗಿದರು. ಆಮೇಲೆ ಒಳಗೆಲ್ಲ ಅರಿಶಿನ ಕುಂಕುಮ ಹಚ್ಚಿ ಬರುತ್ತೇನೆಂದು ಏಣಿ ಹಾಕಿಸಿಕೊಂಡು ದೋಣಿಗೆ ಹತ್ತಿದರು. ಆ ವಯಸ್ಸಿನಲ್ಲಿ ಅಷ್ಟು ಶ್ರದ್ಧೆಯೇ ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಕಾರವಾರದಲ್ಲಿ ನದಿ ಸಮುದ್ರ ಸೇರುವ ಕಡೆ ದೋಣಿ ನೀರಿಗಿಳಿಯಿತು. ನಮ್ಮವರು ಆಗಾಗ ಬಸ್ಸು ಹಿಡಿದು ಹೋಗಿ ಡೇವಿಡ್ಡರೊಡನೆ ನದಿಯಲ್ಲೇ ಅಭ್ಯಾಸ ಮಾಡಿ ಬರುತ್ತಿದ್ದರು. ಹೀಗೆ ಕೆಲವು ತಿಂಗಳು ಕಳೆದು, ಕೊನೆಗೆ ಮಲ್ಪೆಯವರೆಗೆ ಹೋಗುವ ದಿನ ಗೊತ್ತಾಯಿತು. ಹೊರಡುವ ಹಿಂದಿನ ಮಧ್ಯಾಹ್ನ ಲಾಡ್ಜಿನಿಂದ ಫೋನು ಬಂತು. ಎಲ್ಲ ಸರಿಯಾಗಿದೆ, ಗಾಳಿಯೂ ಚೆನ್ನಾಗಿದೆ, ಒಳಗೆ ತಳದಲ್ಲಿ ಸ್ವಲ್ಪ ನೀರು ನಿಲ್ಲುತ್ತಿದೆ, ಎಲ್ಲಿಂದ ಎಂದು ಗೊತ್ತಾಗುತ್ತಿಲ್ಲ, ತುರ್ತಿಗೆಂದು ಇಟ್ಟ ಎಂಜಿನ್ನಿನ ಪ್ರೊಪೆಲ್ಲರಿನ ಕಡೆಯಿಂದ ಇರಬೇಕು, ದಾರಿಯಲ್ಲಿ ಎತ್ತಿ ಚೆಲ್ಲಿದರಾಯಿತು ಎಂದು ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟರು.

ನಾನು ಫೋನಿನ ಪಕ್ಕದಲ್ಲೇ ಕೂತೆ. ನಮ್ಮತ್ತೆ ಎದುರಿಗೆ ಹತ್ತಿ ಹೊಸೆಯುತ್ತಿದ್ದರು. ಯಾರ ಫೋನು, ಏನೆಂದರು ಎಂದು ಕೇಳಿದರು; ನೀರಿನ ಸಂಗತಿ ಹೇಳಿದೆ. ಅವರು ಬತ್ತಿಯಿಂದ ಕಣ್ಣೆತ್ತದೆ, “ಏನೂ ಆಗಲ್ಲ ಬಿಡು. ಗೃಹಪ್ರವೇಶದಲ್ಲಿ ಹೊಸ್ತಿಲ ಕೆಳಗೆ ಇಡ್ತೀವಲ್ಲ, ಆ ತಾಮ್ರದ ಯಂತ್ರದ ತಗಡು, ಅದನ್ನ ದೋಣಿ ತಳದಲ್ಲಿ ಇಟ್ಟಿದೀನಿ” ಎಂದರು.

ಎಲ್ಲಿ, ಹೇಗೆ ಎಂದು ಕೇಳಿದೆ. ಪೂಜೆಯ ದಿನ ಒಳಗಿನ ನೆಲದ ಹಲಗೆಯೊಂದು ಎದ್ದಿತ್ತಂತೆ. ಅದರ ಕೆಳಗೆ, ಯಾರಿಗೂ ಕಾಣದ ಹಾಗೆ, ದೋಣಿಯ ಹೊಟ್ಟೆಗೆ ಒತ್ತಿ ಇಟ್ಟು, ಅಲುಗಾಡಬಾರದೆಂದು ಬದಿಯಲ್ಲಿದ್ದ ಅಂಟನ್ನೂ ಅಂಚಿಗೆ ಮೆತ್ತಿದ್ದರಂತೆ. ಮಗ ಅಂಥ ಹಗುರ ಲೋಹವನ್ನು ನಂಬಿ ಹೋಗುವಾಗ ಒಂದು ಗಟ್ಟಿ ವಸ್ತುವಾದರೂ ಜೊತೆಗಿರಲಿ ಎಂಬುದು ಅವರ ಆಸೆ. ನಾನು ಎದ್ದು ಹೋಗಿ ಕಿಟಕಿಯಲ್ಲಿ ಇನ್ನೂ ಇದ್ದ ಆ ಎರಡನೆಯ ಸೀಸೆಯನ್ನು ತಂದು ಅವರ ಮುಂದಿಟ್ಟೆ. ಏನೂ ವಿವರಿಸಬೇಕಾಗಲಿಲ್ಲ. ತಂತಿಯನ್ನೂ ತೂತನ್ನೂ ನೋಡಿ ಅವರ ಕೈಯಲ್ಲಿದ್ದ ಹತ್ತಿ ಮಡಿಲಿಗೆ ಬಿತ್ತು.

ಲಾಡ್ಜಿಗೆ ಫೋನು ಮಾಡಿದರೆ ಅವರಿಬ್ಬರೂ ಸಾಮಾನು ಹೊತ್ತು ದೋಣಿಗೆ ಹೋಗಿಯಾಗಿತ್ತು. ಬೆಳಗಾಗುವುದರೊಳಗೆ ಹಾಯಿ ಬಿಚ್ಚುತ್ತಾರೆ, ಮತ್ತೆ ಲಾಡ್ಜಿಗೆ ಬರುವುದಿಲ್ಲ. ಮ್ಯಾನೇಜರರಿಗೆ ಕೈಮುಗಿದು ಕೇಳಿಕೊಂಡೆ, ಯಾರನ್ನಾದರೂ ಅಟ್ಟಿ ಕರೆಸಿ, ಮನೆಗೆ ಫೋನು ಮಾಡದೆ ಹೊರಡಬಾರದೆಂದು ಹೇಳಿಸಿ ಎಂದು. ನೋಡೋಣ ಮೇಡಂ ಎಂದರು. ಆ ‘ನೋಡೋಣ’ದ ಮೇಲೆ ನಾವಿಬ್ಬರೂ ಸಂಜೆಯವರೆಗೆ ನೇತಾಡಿದೆವು. ಹೊರಗೆ ಹೂವಿನವಳು ಕೂಗಿ ಹೋದಳು, ಪಕ್ಕದ ಮನೆಯ ಕುಕ್ಕರು ಕೂಗಿತು. ಪ್ರತಿ ಸದ್ದಿಗೂ ನಾವು ಫೋನನ್ನೇ ನೋಡುತ್ತಿದ್ದೆವು. ಮುದುಕಿಯ ಮೇಲೆ ನನಗೆ ಕಡುಕೋಪ ಬಂದಿತ್ತು, ಅದನ್ನೇಕೆ ಮುಚ್ಚಿಡಲಿ. ಆದರೆ ಕೋಪದ ನಡುವೆಯೇ ಇನ್ನೊಂದು ಯೋಚನೆ ಕೊರೆಯುತ್ತಿತ್ತು: ಆ ತಗಡನ್ನು ಇಟ್ಟ ಕೈಯಲ್ಲಿ ಪ್ರೀತಿಯ ಹೊರತು ಬೇರೇನೂ ಇರಲಿಲ್ಲ. ನಾವು ಮಕ್ಕಳಿಗೆ, ಗಂಡಂದಿರಿಗೆ, ಸೊಸೆಯಂದಿರಿಗೆ ಒತ್ತಿ ಅಂಟಿಸುವ ಕಾಳಜಿಗಳಲ್ಲಿ ಎಷ್ಟು ಈ ಜಾತಿಯವೋ! ಇಟ್ಟವರಿಗೆ ಏನೂ ಆಗುವುದಿಲ್ಲ. ಅವರು ಹೊಳೆಯುತ್ತಲೇ ಇರುತ್ತಾರೆ. ಇನ್ನೊಬ್ಬರು ಒಳಗೊಳಗೇ ಸವೆಯುತ್ತಿರುವುದು ಅವರಿಗೆ ಕಾಣುವುದಿಲ್ಲ. ಕಾರಣ ಹೇಳದೆ ‘ಬೇಡ’ ಎಂದಷ್ಟೇ ಹೇಳುವ ಮಕ್ಕಳ ಜಾಣತನವೂ ಕಡಿಮೆಯದಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಡಿದುಕೊಂಡಿತು. ಪೂಜೆಯ ಗಲಾಟೆಯಲ್ಲಿ ಯಾರೋ ಇಟ್ಟಿದ್ದಾರಂತೆ ಎಂದು ಹೇಳಿ ಅತ್ತೆಯ ಮಾನ ಉಳಿಸೋಣವೆಂದು ನಾನು ಮಾತು ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಅವರೇ ಬಂದು ರಿಸೀವರು ಕಿತ್ತುಕೊಂಡರು.

“ಶೇಷು, ನಾನು ದೋಣಿ ಒಳಗೆ ತಾಮ್ರದ ತಗಡು ಇಟ್ಟಿದೀನಿ ಕಣೋ. ನಡುವಿನ ಹಲಗೆ ಕೆಳಗೆ. ನೀನು ಬೇಡ ಅಂದಿದ್ದೆ, ನಾನೇ ಕೇಳಲಿಲ್ಲ. ತೆಗೆದುಬಿಡು. ಮಂತ್ರಗಿಂತ್ರ ಏನೂ ಬೇಡ, ಕಿತ್ತು ಈಚೆ ಹಾಕು.”

ರಿಸೀವರಿಗೆ ಕಿವಿ ಹಚ್ಚಿದ್ದ ನನಗೆ ಅಲ್ಲಿನ ಬೀದಿಯ ಸೈಕಲ್ ಬೆಲ್ಲು ಕೇಳಿಸಿತು. ಆಮೇಲೆ ನಮ್ಮವರು ಕೇಳಿದರು, “ಊಟ ಮಾಡಿದ್ಯೇನಮ್ಮ?”

ಅವರು ತಗಡು ಕಿತ್ತು ನೋಡಿದಾಗ ಅಡಿಯಲ್ಲೆಲ್ಲ ಬಿಳಿಯ ಹಿಟ್ಟು. ಡೇವಿಡ್ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರಂತೆ. ಅದು ತಡೆಯಿಲ್ಲದೆ ಹೊರಗೆ ಹೋಯಿತು, ನದಿ ಒಳಗೆ ಚಿಮ್ಮಿತು. ತೂತಿಗೆ ಬಟ್ಟೆ ತುರುಕಿ ದೋಣಿಯನ್ನು ದಡಕ್ಕೆ ಹತ್ತಿಸಿದರು. ಅಷ್ಟು ಭಾಗ ಕತ್ತರಿಸಿ ತೆಗೆದು, ಬೆಂಗಳೂರಿನಿಂದ ಸಾಮಗ್ರಿ ತರಿಸಿ ಹೊಸ ತೇಪೆ ಬೆಸೆಯಬೇಕಾಯಿತು. ಇದನ್ನೆಲ್ಲ ಕೇಳಿದ ಮೇಲೆ ನಮ್ಮತ್ತೆ ಮಾತು ಬಿಟ್ಟರು. ಊಟಕ್ಕೆ ಕೂತವರು ಅನ್ನ ಕಲೆಸಿ ಹಾಗೇ ಏಳುತ್ತಿದ್ದರು. ಮಗ ಫೋನಿನಲ್ಲಿ ಎಷ್ಟು ಸಮಾಧಾನ ಹೇಳಿದರೂ ಹೂಂಗುಟ್ಟಿ ಇಡುತ್ತಿದ್ದರು. ತೇಪೆಯ ಕೆಲಸ ಮುಗಿದು ಮತ್ತೆ ಹೊರಡುವ ದಿನ ಗೊತ್ತಾದಾಗ ಮಾತ್ರ ಬಾಯಿ ಬಿಟ್ಟು, “ನನ್ನ ಕಾರವಾರಕ್ಕೆ ಕರ್ಕೊಂಡು ಹೋಗು” ಎಂದರು.

ಇಡೀ ರಾತ್ರಿಯ ಬಸ್ಸಿನ ಪ್ರಯಾಣದಲ್ಲೂ ಅವರು ಕಾರಣ ಹೇಳಲಿಲ್ಲ. ದಡ ತಲುಪಿದಾಗ ದೋಣಿ ಕಲ್ಲಿನ ಮೆಟ್ಟಿಲಿಗೆ ತಾಗಿ ನಿಂತಿತ್ತು. ಅವರು ಕೆಳಗಿನ ಮೆಟ್ಟಿಲಲ್ಲಿ ನಿಂತು, ವಾತಕ್ಕೆಂದು ಎಷ್ಟೋ ವರ್ಷದಿಂದ ಹಾಕಿಕೊಂಡಿದ್ದ ತಾಮ್ರದ ಉಂಗುರವನ್ನು ಬೆರಳಿನಿಂದ ಎಳೆಯತೊಡಗಿದರು. ಗೆಣ್ಣು ಊದಿತ್ತು, ಅದು ಜಪ್ಪಯ್ಯ ಎನ್ನಲಿಲ್ಲ. ಅದರಿಂದ ದೋಣಿಗೆ ಏನೂ ಆಗುವುದಿಲ್ಲವೆಂದು ಮಗ ಎಷ್ಟು ಹೇಳಿದರೂ ಕೇಳದೆ, ನದಿಯ ನೀರಿನಲ್ಲಿ ಬೆರಳು ನೆನೆಸಿ, ಚರ್ಮ ತರಚಿಹೋದರೂ ಬಿಡದೆ ಎಳೆದು ತೆಗೆದು ನನ್ನ ಅಂಗೈಗೆ ಹಾಕಿದರು. ಮಗನ ಕೈಹಿಡಿದು ದೋಣಿಗೆ ಇಳಿದರು.

“ತೂತಾಗಿದ್ದು ಎಲ್ಲಿ, ತೋರ್ಸು.”

ನಮ್ಮವರು ಹಲಗೆ ಎತ್ತಿ ತೋರಿಸಿದರು. ನಮ್ಮತ್ತೆ ಬಗ್ಗಿ ಆ ತೇಪೆಯನ್ನು ಅಂಗೈಯಿಂದ ಒಮ್ಮೆ ಸವರಿದರು. ಹಲಗೆಯನ್ನು ಮತ್ತೆ ಮುಚ್ಚಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಿಯಾಗಿ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು.

“ಹೊರಡು ಈಗ” ಎಂದರು. “ಸಮುದ್ರ ಕಾಣೋವರೆಗೂ ನಾನಿಲ್ಲೇ ಕೂತಿರ್ತೀನಿ. ನೀರು ಬಂದ್ರೆ ಮೊದಲು ನಂಗೇ ಗೊತ್ತಾಗ್ಲಿ.”