ಪ್ಲಂಬರನ ನಾಳೆ

ಸಿದ್ಧಕಟ್ಟೆಯ ನಮ್ಮ ಪ್ಲಂಬರ್ ಯಾವ ಕೆಲಸ ಹೇಳಿದರೂ "ನಾಳೆ ನೋಡುವ ಟೀಚರ್" ಎನ್ನುತ್ತಿದ್ದ. ಆನೆಸ್ಟ್ಲಿ, ಆ ನಾಳೆ ಬಂದದ್ದನ್ನು ನಾನು ಕಂಡೇ ಇಲ್ಲ.

ಮೊಮ್ಮಗಳು ಹುಟ್ಟಿದಾಗ ಅವನ ಮಗಳು ಕಂಡೀಷನ್ ಹಾಕಿದಳು: "ಪಪ್ಪ, ಒಂದು ತಿಂಗಳು ಕುಡಿಯದೆ ಇರಿ. ಮತ್ತೆ ಮಗುವನ್ನು ಎತ್ತಿಕೊಳ್ಳಿ."

ಅಂದಿನಿಂದ ಸಂಜೆಯಾದರೆ ಅವನು ಬಾರಿಗೆ ಹೋಗದೆ ನಮ್ಮ ಅಡುಗೆಮನೆಗೆ ಬರುತ್ತಿದ್ದ. ದೊಡ್ಡದೊಂದು ಸೌತೆಕಾಯಿಯನ್ನು ತೋಳಲ್ಲಿ ಮಲಗಿಸಿ, "ತಲೆ ಹೀಗೆ ಹಿಡಿಯುವುದಾ ಟೀಚರ್?" ಎಂದು ಪ್ರಾಕ್ಟೀಸ್ ಮಾಡುತ್ತಿದ್ದ. ಪೂವರ್ ಫೆಲೋ, ಪೈಪು ಹಿಡಿದೇ ಅಭ್ಯಾಸವಾದ ಕೈ. ಆದರೂ ಒಂದು ದಿನವೂ ಬೀಳಿಸಲಿಲ್ಲ.

ತಿಂಗಳು ತುಂಬಿದ ಸಂಜೆ ನಾನೂ ಅವನ ಮನೆಗೆ ಹೋದೆ. ಮಗು ಅವನ ತೋಳಿನಲ್ಲಿತ್ತು. ಗೇಟಿನ ಹೊರಗಿನಿಂದ ಹಳೆಯ ಗೆಳೆಯರು ಕರೆದರು: "ತಿಂಗಳು ಮುಗಿಯಿತಲ್ಲ ಮಾರಾಯ, ಬಾ, ಬಾರಿಗೆ ಹೋಗುವ."

ಅವನು ಮಗುವಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದ: "ನಾಳೆ ನೋಡುವ."