ಅಮ್ಮ ಆರಿಸಿದ ಆಂಪ್ಲಿಫೈಯರ್

ಗೆಳೆಯರೇ, ನಮ್ಮ ಸ್ಪೀಕರುಗಳಿಗೆ ತಕ್ಕ ಆಂಪ್ಲಿಫೈಯರ್ ಕೊನೆಗೂ ಇವತ್ತು ಸಿಕ್ಕಿತು.

ಎರಡೂ ಸ್ಪೀಕರುಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಅಪ್ಪ, ಅಮ್ಮ, ನಾನು ಆಟೋದಲ್ಲಿ ಪ್ಯಾರೀಸ್ ಕಾರ್ನರ್ ಹತ್ತಿರದ ಅಂಗಡಿಗೆ ಹೋದೆವು. ಹಾಕಿ ನೋಡಲು ಅಮ್ಮ ತಾನೇ ಹಾಡಿದ ದೇವರನಾಮದ ಕ್ಯಾಸೆಟ್ ತಂದಿದ್ದಳು. ಮನೆಯ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಅದನ್ನು ಬಂದವರಿಗೆಲ್ಲ ಕೇಳಿಸಿ, "ಇವಳ ಹಾಡು ಕೇಳ್ತಾ ಕೂತ್ರೆ ನಂಗೆ ಹಸಿವೇ ಆಗಲ್ಲ" ಎನ್ನುವುದು ಅಪ್ಪನ ಅಭ್ಯಾಸ.

ಮೊದಲು ಸಣ್ಣ ಆಂಪ್ಲಿಫೈಯರ್ ಹಾಕಿದರು. ದನಿ ಕಂಬಳಿ ಹೊದ್ದು ಮಲಗಿದಂತಿತ್ತು.

"ಇದೇ ಸಾಕು. ದೊಡ್ಡದು ಹಾಕಿದ್ರೆ ಸ್ಪೀಕರ್ ಸುಟ್ಟುಹೋಗತ್ತೆ" ಎಂದರು ಅಪ್ಪ.

"ಇಂದ ಸ್ಪೀಕರುಕ್ಕು ಇದು ಪತ್ತಾದು ಸಾರ್." ಇದು ಸಾಲದು ಎಂದು ತಮಿಳಿನಲ್ಲಿ ಹೇಳುತ್ತ ಅಂಗಡಿಯವರು ದೊಡ್ಡದಕ್ಕೆ ತಂತಿ ಬದಲಿಸಿದರು.

ಅಬ್ಬಾ, ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸಿತು. ಅಮ್ಮ ಉಸಿರೆಳೆದುಕೊಂಡದ್ದೂ ಕೇಳಿಸಿತು. ಎರಡನೇ ಚರಣದ ಹಿಂದಿನಿಂದ, ರೆಕಾರ್ಡ್ ಮಾಡುವಾಗ ಸೇರಿಕೊಂಡಿದ್ದ ಅಪ್ಪನ ದನಿಯೂ ಅಷ್ಟೇ ಸ್ಪಷ್ಟವಾಗಿ ಬಂತು: "ಇನ್ನೂ ಎಷ್ಟು ಚರಣ ಇದೆಯೋ, ಹೊಟ್ಟೆ ಚುರುಗುಟ್ತಾ ಇದೆ."

"ಸಣ್ಣದೇ ಚೆನ್ನಾಗಿತ್ತು ಕಣೇ" ಎಂದರು ಅಪ್ಪ, ಮೆಲ್ಲಗೆ.

ಅಮ್ಮ ಅವರತ್ತ ನೋಡಲೇ ಇಲ್ಲ. ದೊಡ್ಡದನ್ನೇ ತೋರಿಸಿ ಅಂಗಡಿಯವರಿಗೆ ಹೇಳಿದಳು: "ಇದೇ ಪ್ಯಾಕ್ ಪಣ್ಣುಂಗೊ."

ಈಗ ಮನೆ ತುಂಬ ಹಾಡು. ಅಪ್ಪ ಚರಣಚರಣಕ್ಕೂ ತಲೆದೂಗುತ್ತಿದ್ದಾರೆ. ಅಮ್ಮ ಎದುರಿಗೇ ಕೂತಿದ್ದಾಳೆ, ಸ್ಟೋವ್ ಇನ್ನೂ ಹಚ್ಚಿಲ್ಲ. ಹಸಿವೇ ಆಗದವರಿಗೆ ಅಡುಗೆ ಯಾಕಂತೆ.