ಅಕ್ಕನ ದನಿಗೊಂದು ಮೈಕು

ಬೆಳಗ್ಗೆ ಒಂಬತ್ತಕ್ಕೆ ಕೆಳಗಿನ ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಕಬ್ಬಿಣವನ್ನು ಕಚ್ಚಿತೆಂದರೆ ಮೇಲಿನ ಕೋಣೆಯ ಕಿಟಕಿ ಗಾಜು ಸಣ್ಣಗೆ ನಡುಗುತ್ತಿತ್ತು. ಆ ಕೋಣೆಯಲ್ಲಿ ಟೈಲರಮ್ಮನೂ ಅವಳ ಅಕ್ಕನೂ ಎದುರುಬದುರು ಹೊಲಿಗೆ ಮೆಷಿನ್ ಹಾಕಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಗ್ರೈಂಡರ್ ಅರಚಿದಷ್ಟು ಹೊತ್ತು ಸುಮ್ಮನಿದ್ದು, ಅದು ನಿಂತ ಕೂಡಲೇ ಬಿಟ್ಟ ಸಾಲಿನಿಂದಲೇ ಹಾಡು ಎತ್ತಿಕೊಳ್ಳುವುದು ಇಬ್ಬರಿಗೂ ರೂಢಿಯಾಗಿತ್ತು. ಅಕ್ಕನದು ಮುಂದಿನ ದನಿ, ತಂಗಿಯದು ಅದರ ನೆರಳಿನಂಥದ್ದು, ಒಂದು ಎಳೆ ಹಿಂದೆ. ಸಾಲು ಮುಗಿದ ಮೇಲೂ ತಂಗಿಯ ದನಿ ಸ್ವಲ್ಪ ಉಳಿದಿರುತ್ತಿತ್ತು. ಅದು ಪೂರ್ತಿ ಅಡಗುವವರೆಗೆ ಅಕ್ಕ ಮುಂದಿನ ಸಾಲಿಗೆ ಬಾಯಿ ತೆರೆಯುತ್ತಿರಲಿಲ್ಲ. ಹಾಗೆ ಕಾಯಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಬರುವ ಸೋಮವಾರ ಅಕ್ಕನ ಕುತ್ತಿಗೆಯ ಗಂಟಿಗೆ ಆಪರೇಷನ್. ಜೀವಕ್ಕೇನೂ ಭಯವಿಲ್ಲ, ದನಿ ಮಾತ್ರ ಹೀಗೇ ಉಳಿಯುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು.

"ನಿನ್ನನ್ನ ಬೈಯೋವಷ್ಟು ಉಳಿದ್ರೆ ಸಾಕು ಬಿಡು" ಎಂದು ಅಕ್ಕ ಕಾಜಾ ಹೊಲಿಯುವುದನ್ನು ಮುಂದುವರಿಸಿದಳು.

ಟೈಲರಮ್ಮ ನಗಲಿಲ್ಲ. ಫೋನಿನಲ್ಲಿ ಹಿಡಿದು ನೋಡಿದಳು: ಇಬ್ಬರ ದನಿ, ಎರಡು ಮೆಷಿನ್ನು, ಕೆಳಗಿನ ಗ್ರೈಂಡರ್, ಎಲ್ಲ ಕಲಸಿಹೋಗಿತ್ತು. ಅವಳಿಗೆ ಬೇಕಾಗಿದ್ದದ್ದು ಅಕ್ಕನ ದನಿ ಮಾತ್ರ, ಬಿಡಿಯಾಗಿ. ಮುಂದೆ ಬೇಕೆನಿಸಿದಾಗ ಅದರ ಪಕ್ಕದಲ್ಲಿ ಕೂತು ತಾನೂ ಹಾಡುವಂತಿರಬೇಕು. ಮನೆಯ ಕಂಪ್ಯೂಟರಿನಲ್ಲೇ ಒಬ್ಬೊಬ್ಬರ ದನಿಯನ್ನು ಒಂದೊಂದು ಟ್ರ್ಯಾಕಿನಲ್ಲಿ ಇಟ್ಟು ಆಮೇಲೆ ಕೂಡಿಸಬಹುದೆಂದು ಎಲ್ಲೋ ನೋಡಿದ್ದಳು. ತೋಳು, ಕಾಲರು, ಬೆನ್ನು ಬೇರೆಬೇರೆ ಕತ್ತರಿಸಿ ಜೋಡಿಸುವವಳಿಗೆ ಅದು ತಿಳಿಯದ ಮಾತೇನಲ್ಲ.

ಬುಧವಾರ ಅವಳು ಸೌಂಡ್ ಸಾಮಾನಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯವನು ಗಾಜಿನ ಕಪಾಟಿನಿಂದ ಹೊಳೆಯುವ ಮೈಕೊಂದನ್ನು ಮಗುವಿನಂತೆ ಎತ್ತಿ ತಂದ.

"ಸ್ಟುಡಿಯೋದಲ್ಲೆಲ್ಲಾ ಇದೇ ಮೇಡಂ. ಆ ಮೂಲೇಲಿ ಸೂಜಿ ಬಿದ್ರೂ ಕೇಳ್ಸುತ್ತೆ ಇದಕ್ಕೆ."

"ನಮ್ಮನೇಲಿ ದಿನಕ್ಕೆ ನಲವತ್ತು ಸೂಜಿ ಬೀಳುತ್ತೆ. ಕೆಳಗಡೆ ವೆಲ್ಡಿಂಗ್ ಬೇರೆ. ಹತ್ರ ಬಾಯಿಟ್ಟವರದ್ದು ಮಾತ್ರ ಕೇಳೋ ಮೈಕ್ ಇದ್ರೆ ಕೊಡಿ."

ಅವನಿಗೆ ಸ್ವಲ್ಪ ಬೇಸರವಾಯಿತು. ಆದರೂ ಭಾಷಣಕ್ಕೆ ಬಳಸುವಂಥ ಗುಂಡುತಲೆಯ ಮೈಕೊಂದನ್ನು ತೆಗೆದ. ಅದರ ವೈರನ್ನು ನೇರ ಕಂಪ್ಯೂಟರಿಗೆ ಚುಚ್ಚಿದರಾಯಿತು, ನಡುವೆ ಏನೂ ಬೇಡ. ಜೊತೆಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಟೈಲರಮ್ಮ ಅದನ್ನು ಹಾಕಿಕೊಂಡು, "ಏನಾದ್ರೂ ಮಾತಾಡಿ" ಎಂದಳು. ಅವನು ಮಾತಾಡಿದ. ಅವಳಿಗೆ ಕೇಳಿಸಲಿಲ್ಲ. "ಇದೇ ಇರಲಿ" ಎಂದಳು.

ಗುರುವಾರ ತಂಗಿ ಮೊದಲು ತನ್ನ ದನಿಯನ್ನು ರೆಕಾರ್ಡ್ ಮಾಡಿದಳು. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಅಕ್ಕ ಹಾಡಬೇಕು. ಒಂಟಿಯಾಗಿ ಹಾಡೆಂದರೆ ಅಕ್ಕನಿಗೆ ಮೊದಲ ಪದವೇ ಹುಟ್ಟುತ್ತಿರಲಿಲ್ಲ. ಗ್ರೈಂಡರ್ ನಡೆದೇ ಇತ್ತು, ಮೈಕು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯದಕ್ಕೆ ಅಕ್ಕ ತಡೆದಳು. ಮೂರನೆಯದಕ್ಕೆ ಇನ್ನಷ್ಟು ತಡೆದಳು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ತಂಗಿಯ ದನಿ ಅರ್ಧ ದಾರಿ ಮುಂದೆ ಹೋಗಿತ್ತು.

"ನೀನು ಎಳೀತಿದ್ದೀಯ ಕಣೇ" ಎಂದಳು ಅಕ್ಕ.

"ನಾನಾ? ನಾನು ಹಾಡಿ ಮುಗಿಸಿ ಒಂದು ಗಂಟೆಯಾಯ್ತು."

"ಮತ್ತೆ ನನ್ನ ಸಾಲು ಮುಗಿದ್ರೂ ಇನ್ನೂ ಯಾರು ಹಾಡ್ತಾ ಇರೋದು? ನಾನು ಕಾಯೋದು ಬೇಡ್ವಾ?"

ಆರು ಸಲ ಹಾಡಿಸಿದರೂ ಅದೇ ಕತೆ. ಆರನೆಯ ಸಲ ಅಕ್ಕ ಕುತ್ತಿಗೆ ಹಿಡಿದುಕೊಂಡು, "ಆಗೋದಲ್ಲ ಹೋಗೋದಲ್ಲ, ಬಿಟ್ಟುಬಿಡು" ಎಂದಳು. ಟೈಲರಮ್ಮ ಹೆಡ್‌ಫೋನನ್ನು ತನ್ನ ಕಿವಿಗೇರಿಸಿ ಮೈಕಿಗೆ "ಅಕ್ಕಾ" ಎಂದಳು. ಒಂದು ಚಿಟಿಕೆ ಹೊಡೆಯುವಷ್ಟು ತಡವಾಗಿ, ಮತ್ತೊಬ್ಬ ತಂಗಿ ಒಳಗಿನಿಂದ "ಅಕ್ಕಾ" ಎಂದಳು.

ಆಗ ಅರ್ಥವಾಯಿತು. ದನಿ ಕಂಪ್ಯೂಟರಿನ ಒಳಗೆಲ್ಲ ಸುತ್ತಿ ಕಿವಿಗೆ ವಾಪಸಾಗುವಷ್ಟರಲ್ಲಿ ಹಿಂದೆ ಬಿದ್ದಿರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿರಿಕಿರಿಯೆಂದು ಹೆಡ್‌ಫೋನ್ ಕಿತ್ತಿಡುತ್ತಿದ್ದರು. ಅಕ್ಕ ಮಾತ್ರ ತನ್ನದೇ ದನಿಯ ಬಾಲವನ್ನು ತಂಗಿಯದೆಂದು ತಿಳಿದು, ಅದು ಅಡಗಲೆಂದು ಮರ್ಯಾದೆಯಿಂದ ಕಾಯುತ್ತ ನಿಂತಿದ್ದಳು.

"ಕಾಯಬೇಡ, ಹೋಗ್ತಾ ಇರು" ಎಂದು ಹೇಳಿ ನೋಡಬಹುದಿತ್ತು. ಟೈಲರಮ್ಮ ಹೇಳಲಿಲ್ಲ. ಕಾಯದೆ ಹಾಡಿದ ಅಕ್ಕನ ಹಾಡು ಅವಳಿಗೆ ಬೇಕಿರಲಿಲ್ಲ. ಅಳತೆಗೆ ಬಾರದ ರವಿಕೆಗೆ ಮೈಯನ್ನೇ ಬಗ್ಗಿಸು ಎಂದು ಅವಳು ಯಾರಿಗೂ ಹೇಳಿದವಳಲ್ಲ.

ಶುಕ್ರವಾರ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಡಿಯವನು ಈ ಸಲ ಎಂಟು ಮೈಕು ಸಿಕ್ಕಿಸುವ ದೊಡ್ಡ ಪೆಟ್ಟಿಗೆಯೊಂದನ್ನು ಎದುರಿಗಿಟ್ಟ.

"ಮಲ್ಟಿಟ್ರ್ಯಾಕ್ ಅಂದ್ಮೇಲೆ ಇಷ್ಟಾದ್ರೂ ಬೇಕು ಮೇಡಂ."

"ಟ್ರ್ಯಾಕು ಎಷ್ಟಾದ್ರೂ ಇರಲಿ, ಒಂದು ಸಲಕ್ಕೆ ಹಾಡೋದು ಒಬ್ಬಳೇ. ಎಂಟು ತೂತು ಇಟ್ಕೊಂಡು ಏನು ಮಾಡ್ಲಿ, ಗುಂಡಿ ಹಾಕ್ಲಾ?"

"ಮತ್ತೇನು ಬೇಕು ಹೇಳಿ."

"ಹಾಡಿದ್ದು ಕಂಪ್ಯೂಟರಿಗೆ ಹೋಗೋದಕ್ಕೆ ಮೊದಲೇ ಹಾಡಿದವರ ಕಿವಿಗೆ ಬರಬೇಕು. ಹೋಗಿ ವಾಪಸ್ ಬಂದದ್ದು ಬೇಡ."

ಅವನು ದೊಡ್ಡ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೆಳಗಿನ ಅರೆಯಿಂದ, ಟಿಫಿನ್ ಡಬ್ಬಿಯಷ್ಟೇ ಇದ್ದ ಚಿಕ್ಕ ಪೆಟ್ಟಿಗೆಯೊಂದನ್ನು ತೆಗೆದ. ಮೈಕಿಗೊಂದು ತೂತು, ಹೆಡ್‌ಫೋನಿಗೊಂದು, ಪಕ್ಕದಲ್ಲಿ ಒಂದು ಸ್ವಿಚ್ಚು. ಅದನ್ನು ಒತ್ತಿದರೆ ದನಿ ಅಲ್ಲಿಂದಲೇ ನೇರ ಕಿವಿಗೆ. "ಇದನ್ನ ಯಾರೂ ಕೇಳೋದಿಲ್ಲ ಮೇಡಂ, ಎಲ್ಲರೂ ದೊಡ್ಡದೇ ಕೇಳ್ತಾರೆ" ಎಂದ. ಹಳೆಯ ಮೈಕನ್ನು ವಾಪಸು ಪಡೆದು ಪೆಟ್ಟಿಗೆಗೆ ಹೊಂದುವ ಮೈಕು ಕೊಟ್ಟ. ಟೈಲರಮ್ಮ ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿ, ಸ್ವಿಚ್ಚು ಒತ್ತಿ, ನಾಚದೆ ಒಂದು ಸಾಲು ಹಾಡಿದಳು. ಎರಡನೆಯ ತಂಗಿ ಎಲ್ಲೂ ಇರಲಿಲ್ಲ.

ಶನಿವಾರ ಮಧ್ಯಾಹ್ನದೊಳಗೆ ಅಕ್ಕ ಐದು ಹಾಡು ಮುಗಿಸಿದಳು. ಪ್ರತಿ ಸಾಲಿನ ಕೊನೆಗೂ ನಿಂತಳು, ತಂಗಿಯ ದನಿ ಅಡಗುವವರೆಗೆ ಕಾದಳು, ಸರಿಯಾದ ಜಾಗದಲ್ಲಿ ಎತ್ತಿಕೊಂಡಳು. ಆ ಕಾಯುವಿಕೆಯೂ ಅವಳ ಟ್ರ್ಯಾಕಿನಲ್ಲಿ, ಸದ್ದಿಲ್ಲದೆ, ಸೇರಿತು.

ಹೆಡ್‌ಫೋನ್ ತೆಗೆದಿಟ್ಟು ಅಕ್ಕ ಕೇಳಿದಳು: "ದನಿ ಹೋಯ್ತು ಅಂದ್ಕೋ. ಇದನ್ನ ಕೇಳ್ತಾ ಅಳ್ತಾ ಕೂರ್ತೀಯಾ?"

"ಅಳೋಕೆ ಯಾರಿಗಿದೆ ಪುರುಸೊತ್ತು? ಜೊತೆಗೆ ಹಾಡ್ತೀನಿ. ನೀನು ಎದುರಿಗೆ ಕೂತು ತಪ್ಪು ಹಿಡಿ."

"ಹಿಡೀದೆ ಬಿಡ್ತೀನಾ."

"ಇನ್ನೂ ಏಳು ಹಾಡಿದೆ, ಗಂಟಲು ಒಣಗಿಸ್ಕೋಬೇಡ" ಎನ್ನುತ್ತ ಟೈಲರಮ್ಮ ಖಾಲಿ ಚೊಂಬು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಳು. "ನೀರು ತರ್ತೀನಿ, ಅಷ್ಟರಲ್ಲಿ ಮುಂದಿನದರ ಎರಡನೇ ನುಡಿ ನೆನಪು ಮಾಡ್ಕೋ, ಅಲ್ಲಿ ನೀನು ಯಾವಾಗ್ಲೂ ಏನು ಮಾಡ್ತೀಯ ಅಂದ್ರೆ, ಎತ್ತೋ ಮೊದಲು ಒಂದು ಸಣ್ಣ ಉಸಿರು ತಗೋತೀಯ. ಅದೂ ಬರಲಿ."